ಕಾರಿಗೆ ಅಪ್ಪಣೆ

ಭಾನುವಾರ ಬೆಳಿಗ್ಗೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತ ನಿಂತಿದ್ದ ಗುತ್ಯಪ್ಪನ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ತಾನು ಒಬ್ಬನೇ ಹೊರಟುಬಿಡಬೇಕಾಗಿತ್ತು. ಐದು ಹೆಜ್ಜೆ ಆಚೆ, ಕಡಲೆಕಾಯಿ ಮಾರುವವಳ ಪಕ್ಕದಲ್ಲಿ, ತಮ್ಮನ ಹೆಂಡತಿ ಕನ್ನಮ್ಮ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದಳು. ಬುಟ್ಟಿಯಲ್ಲಿ ಹಣ್ಣುಕಾಯಿ, ಕರ್ಪೂರ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಸಿಂಗಾರ, ಅಡಿಕೆ ಹೂವಿನ ಗೊಂಚಲು. ಬೆಳಿಗ್ಗೆ ಅವನು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಹೆಂಡತಿ ಶೇಷಮ್ಮ ಒಳಗಿನಿಂದಲೇ, “ಕನ್ನಮ್ಮನೂ ಬರ್ತಾಳಂತೆ, ಕರ್ಕಂಡು ಹೋಗಿ” ಎಂದಿದ್ದಳು. ದಾರಿಯಲ್ಲಿ ಧೂಳು ಎಂದ. “ಧೂಳು ಎಲ್ಲಿಲ್ಲ?” ಎಂದಳು. ಹೊಸನಗರದಿಂದ ಎರಡು ಮೈಲಿ ನಡೆಯಬೇಕು ಎಂದ. “ಅವ್ಳು ನಿಮಗಿಂತ ಗಟ್ಟಿ ಇದಾಳೆ” ಎಂದಳು. ಮೂರನೆಯ ನೆಪ ಹುಡುಕುತ್ತಿರುವಾಗ ಕನ್ನಮ್ಮ ಆಗಲೇ ತಲೆ ಬಾಚಿ ಹೊಸ್ತಿಲ ಹತ್ತಿರ ಬಂದಿದ್ದಳು. ಅವಳು ಬಾವನ ಎದುರು ನಿಂತು ಮಾತಾಡುವವಳಲ್ಲ. ಬೇಕಾದ್ದನ್ನು ಅಕ್ಕನಿಗೆ ಹೇಳುತ್ತಾಳೆ, ಅಕ್ಕ ಅವನಿಗೆ ಹೇಳುತ್ತಾಳೆ, ಅವನು ಗೋಡೆ ನೋಡಿಕೊಂಡು ಉತ್ತರ ಕೊಡುತ್ತಾನೆ. ಒಂದೂವರೆ ವರ್ಷದಿಂದ ಆ ಮನೆಯಲ್ಲಿ ಮಾತು ಹೀಗೇ ಸುತ್ತುಬಳಸಿ ಓಡಾಡಿಕೊಂಡಿದೆ.

ಬಸ್ಸಿನಲ್ಲಿ ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಹಿಂದೆ ಕಿಟಕಿಯ ಪಕ್ಕ ಜಾಗ ಸಿಕ್ಕಿದ್ದು ಗುತ್ಯಪ್ಪನಿಗೆ ಸಮಾಧಾನವಾಯಿತು, ಯಾಕೆಂದರೆ ಅಲ್ಲಿಂದ ಅವಳ ತುರುಬು ಮಾತ್ರ ಕಾಣುತ್ತಿತ್ತು. ಅಂಗಿಯ ಜೇಬಿನಲ್ಲಿ ತಮ್ಮನ ನೀಲಿ ಏರೋಗ್ರಾಮು ಇತ್ತು, ಮಡಿಸಿ ಅಂಟಿಸಿದರೆ ತಾನೇ ಲಕೋಟೆಯಾಗುವ ಪರದೇಶದ ಅಂಚೆಯ ಕಾಗದ. ಅದರ ಪಕ್ಕದಲ್ಲಿ ಇನ್ನೊಂದು ಖಾಲಿ ಏರೋಗ್ರಾಮು, ಇವತ್ತೇ ಬರೆದು ಹಾಕಿಬಿಡಬೇಕೆಂದು ತಂದದ್ದು. ತಮ್ಮ ನಾಗರಾಜಪ್ಪ ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಕೆಲಸಕ್ಕೆ ಓವರ್‌ಸಿಯರ್ ಆಗಿದ್ದವನು. ಕಟ್ಟೆ ಎದ್ದಿತು, ನೀರು ನಿಂತಿತು, ಅವರದೇ ಊರು ಆ ನೀರಿನಲ್ಲಿ ಮುಳುಗಿತು, ಅವನ ಕೆಲಸವೂ ಅದರ ಜೊತೆಗೇ ಮುಗಿಯಿತು. ಅಲ್ಲಿದ್ದ ಇಂಜಿನಿಯರೊಬ್ಬರು ಕೊಟ್ಟ ಕಾಗದ ಹಿಡಿದುಕೊಂಡು ಆಫ್ರಿಕಾದ ಉಗಾಂಡಾಕ್ಕೆ, ರಸ್ತೆ ಮಾಡಿಸುವ ಕಂಪನಿಗೆ ಹೋದ. ಮದುವೆಯಾಗಿ ಆಗ ಐದು ತಿಂಗಳು. ಕನ್ನಮ್ಮನನ್ನು ಅಣ್ಣನ ಮನೆಯಲ್ಲಿ ಬಿಟ್ಟು, “ಒಂದು ವರ್ಷದೊಳಗೆ ಕರೆಸ್ಕಂತೀನಿ” ಎಂದು ಹೇಳಿ ಹೋದ. ಹೋದ ಮೇಲೆ ಗೊತ್ತಾಯಿತು, ಅಲ್ಲಿ ಎಲ್ಲವೂ ಕಾರಿನ ಮೇಲೆ ನಿಂತಿದೆ. ಕೆಲಸ ನಡೆಯುವ ಜಾಗ ಪೇಟೆಯಿಂದ ನಲವತ್ತು ಮೈಲಿ. ಸ್ವಂತ ಕಾರು ಇದ್ದವನಿಗೆ ಪೇಟೆಯಲ್ಲಿ ಮನೆ, ಇಲ್ಲದವನಿಗೆ ಕಾಡಿನಲ್ಲಿ ಗುಡಾರ. ಗುಡಾರಕ್ಕೆ ಹೆಂಡತಿಯನ್ನು ಕರೆಸುವಂತಿಲ್ಲ. ಒಬ್ಬ ಸಾಹೇಬರು ಕೆಲಸ ಬಿಟ್ಟು ತಮ್ಮ ದೇಶಕ್ಕೆ ಹೋಗುವವರಿದ್ದರು. ಅವರದೊಂದು ಮಾರಿಸ್ ಕಾರು. ಇವನಿಗೇ ಕೊಡುತ್ತೇನೆ ಎಂದಿದ್ದರು. ಇನ್ನೊಬ್ಬನಾಗಿದ್ದರೆ ಕೈ ಕುಲುಕಿ ಬೀಗದ ಕೈ ಇಸಿದುಕೊಳ್ಳುತ್ತಿದ್ದ. ನಾಗರಾಜಪ್ಪ, ಸಮುದ್ರ ದಾಟಿದ್ದರೂ, ಅಣ್ಣನಿಗೆ ಬರೆದ: ಅಮ್ಮನ ಅಪ್ಪಣೆ ಕೇಳಿ ತಿಳಿಸು.

ಅವರ ಮನೆಯಲ್ಲಿ ಅಮ್ಮನನ್ನು ಕೇಳದೆ ಒಂದು ಕರು ಕೊಂಡವರಿಲ್ಲ. ಅಮ್ಮ ಎಂದರೆ ಊರ ದೇವಿ, ಮೊಣಕಾಲೆತ್ತರದ ಕಪ್ಪು ಕಲ್ಲು. ಆ ಕಲ್ಲಿನ ಎರಡೂ ಭುಜಕ್ಕೆ ಒದ್ದೆ ಸಿಂಗಾರದ ಎಸಳು ಅಂಟಿಸಿ, ಕೇಳುವವನು ಮನಸ್ಸಿನಲ್ಲೇ ಕೇಳಿಕೊಂಡು ಕೈಮುಗಿದು ನಿಲ್ಲಬೇಕು. ಬಲದ ಎಸಳು ಮೊದಲು ಬಿದ್ದರೆ ಹೌದು. ಎಡದ್ದು ಬಿದ್ದರೆ ಇಲ್ಲ. ನಾಗರಾಜನನ್ನು ಓದಿಸಿದ್ದು ಹೀಗೆ ಕೇಳಿಯೇ, ಗುತ್ಯಪ್ಪ ಟ್ರೈನಿಂಗಿಗೆ ಹೋಗಿ ಮೇಷ್ಟರಾದದ್ದೂ ಹೀಗೆಯೇ. ಟ್ರೈನಿಂಗಿನಲ್ಲಿ ಮನಶ್ಶಾಸ್ತ್ರದ ಪಾಠ ಹೇಳಿದವರು ಇಂಥವನ್ನೆಲ್ಲ ನಗುತ್ತ ವಿವರಿಸಿದ್ದರು, ಗುತ್ಯಪ್ಪನೂ ಉಳಿದವರ ಜೊತೆ ನಕ್ಕಿದ್ದ, ನಕ್ಕದ್ದಕ್ಕೆ ರಜೆಯಲ್ಲಿ ಊರಿಗೆ ಹೋದಾಗ ತಪ್ಪು ಕಾಣಿಕೆ ಹಾಕಿದ್ದ. ನಂಬುತ್ತಾನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ಅವನಿಗೆ ಹೇಳಲು ಬರುತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ.

ಧೂಳು ಕಿಟಕಿಯಿಂದ ಒಳಗೆ ಬಂದು ಹಲ್ಲಿನ ಸಂದಿಯಲ್ಲೆಲ್ಲ ಕೂತಿತು. ಕಳೆದ ಸಲ ನವರಾತ್ರಿ ಮುಗಿದ ವಾರ ಇದೇ ಬಸ್ಸಿನಲ್ಲಿ ಒಬ್ಬನೇ ಹೋಗಿದ್ದ. ಕೈಮುಗಿದು ಕಣ್ಣು ಮುಚ್ಚುವಷ್ಟರಲ್ಲಿ ಬಲದ ಎಸಳು ಟಪ್ಪೆಂದು ಬಿದ್ದಿತ್ತು. ಪೂಜಾರಿ ಜಟ್ಟಿಂಗಪ್ಪ, “ತಗಾ, ಕೇಳೋಕೂ ಬಿಡ್ಲಿಲ್ಲ, ಕೊಟ್ಟೇಬಿಟ್ಲು” ಎಂದು ನಕ್ಕಿದ್ದ. ಗುತ್ಯಪ್ಪನಿಗೂ ಸಂತೋಷವಾಗಿತ್ತು. ಆಗಿತ್ತು, ಅದು ಸುಳ್ಳಲ್ಲ. ಹೊಸನಗರದವರೆಗೂ ಆ ಸಂತೋಷದಲ್ಲೇ ನಡೆದು ಬಂದಿದ್ದ. ಸಾಗರದ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಜನ ಇಳಿದು ನಡೆಯತೊಡಗಿದರು, ಅವನೂ ನಡೆದ. ಹಿಂದಿನಿಂದ ಹಾರ್ನು. ಬದಿಗೆ ಸರಿದು ನಿಂತವನ ಮುಂದೆ ಕಾರು ನಿಂತು, ಹಿಂದಿನ ಸೀಟಿನಿಂದ ಮುಕುಂದಯ್ಯನವರು ಮುಖ ಹೊರಹಾಕಿದರು. ಮುಳುಗಿದ ಗದ್ದೆಗಳ ಒಡೆಯರು. ಗುತ್ಯಪ್ಪನ ಅಪ್ಪ ಅವರಿಗೆ ಗೇಣಿ ಅಳೆದು ಅಳೆದು ಬೆನ್ನು ಬಾಗಿದವನು. ಈಗ ತೀರ್ಥಹಳ್ಳಿ ಪೇಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದಾರೆ, ಕೋರ್ಟಿನ ಕೆಲಸಕ್ಕೆ ಸಾಗರಕ್ಕೆ ಹೋಗುತ್ತಿದ್ದರು. “ಯಾರು, ಗುತ್ಯನೇನೋ? ಹತ್ತು ಹತ್ತು, ಮೇಷ್ಟರು ನಡೀಬಾರದು” ಎಂದರು. ಪ್ರೀತಿಯಿಂದಲೇ ಹೇಳಿದರು, ಅದೇ ಕಷ್ಟ. ಅವನು ಹಿಂದಿನ ಬಾಗಿಲಿಗೆ ಕೈ ಹಾಕಿದ. “ಮುಂದೆ, ಮುಂದೆ” ಎಂದರು. ಡ್ರೈವರು ತನ್ನ ಪಕ್ಕದ ಸೀಟಿನ ಮೇಲೆ ಹಳೆಯ ಪತ್ರಿಕೆಯ ಎರಡು ಹಾಳೆ ಬಿಡಿಸಿ ಹಾಸಿದ, ಆಮೇಲೆ ಕೂರು ಎಂದು ಕಣ್ಣಿನಲ್ಲೇ ತೋರಿಸಿದ. ಗುತ್ಯಪ್ಪ ಕೂತ. ಹನ್ನೆರಡು ಮೈಲಿ ಆ ಕಾಗದ ಅವನ ಕೆಳಗೆ ಪರಪರ ಎನ್ನುತ್ತಿತ್ತು. ಮೈ ಸ್ವಲ್ಪ ಅಲುಗಿಸಿದರೆ ಸದ್ದಾಗುತ್ತದೆಂದು ಬೆನ್ನು ನೇರ ಮಾಡಿಕೊಂಡು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ತರಗತಿಯಲ್ಲಿ ಹೊಸದಾಗಿ ಸೇರಿದ ಮಕ್ಕಳು ಕೂರುವ ಹಾಗೆ ಕೂತಿದ್ದ. ಹಿಂದಿನಿಂದ ಮುಕುಂದಯ್ಯ ಕೇಳಿದರು, “ನಿನ್ನ ತಮ್ಮ ಎಂತೋ ಪರದೇಶಕ್ಕೆ ಹೋಗಿದಾನಂತೆ? ಭೇಷ್. ಅವ ಸಣ್ಣವನಿದ್ದಾಗ್ಲೇ ಚುರುಕು. ನೀನು ಸ್ವಲ್ಪ ಮಂದ.” ಗುತ್ಯಪ್ಪ ಹೌದು ಎಂದ. ಹೌದು ಎಂದದ್ದು ಯಾವುದಕ್ಕೆ ಎಂದು ಅವನು ಇವತ್ತಿಗೂ ತನ್ನನ್ನೇ ಕೇಳಿಕೊಳ್ಳುತ್ತಾನೆ.

ಸಣ್ಣವರಿದ್ದಾಗ ಅಣ್ಣತಮ್ಮ ಇಬ್ಬರೂ ಇದೇ ಒಡೆಯರ ಹಳೆಯ ಕಾರನ್ನು ಬೆನ್ನಟ್ಟಿ ಓಡುತ್ತಿದ್ದರು. ಪೆಟ್ರೋಲಿನ ವಾಸನೆ ರಸ್ತೆಯ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಅದನ್ನು ಮೂಗು ತುಂಬ ಎಳೆದುಕೊಳ್ಳುವುದು ಒಂದು ಆಟ. ಗುತ್ಯಪ್ಪ ತಿರುವಿನವರೆಗೆ ಓಡಿ ನಿಂತುಬಿಡುತ್ತಿದ್ದ. ನಾಗರಾಜ ತಿರುವು ದಾಟಿ ಕಾಣದಾಗುವವರೆಗೆ ಓಡುತ್ತಿದ್ದ, ಅವನನ್ನು ಹುಡುಕಿಕೊಂಡು ಹೋಗಿ ರಟ್ಟೆ ಹಿಡಿದು ಎಳೆದು ತರುವುದು ಅಣ್ಣನ ಕೆಲಸ. ಬಸ್ಸು ಕೆಟ್ಟ ಆ ದಿನ ಮುಕುಂದಯ್ಯ ಗುತ್ಯಪ್ಪನನ್ನು ಸಾಗರದ ಪೇಟೆಯಲ್ಲಿ ಇಳಿಸಿದಾಗ ಡ್ರೈವರು ಆ ಕಾಗದವನ್ನು ಮುದ್ದೆ ಮಾಡಿ ರಸ್ತೆಗೆ ಎಸೆದ. ಮನೆಗೆ ಬಂದು ಕೈಕಾಲು ತೊಳೆದು ಗುತ್ಯಪ್ಪ ಕಾಗದ ಬರೆಯಲು ಕೂತ. ಅಡಿಗೆಮನೆಯ ಬಾಗಿಲಲ್ಲಿ ಕನ್ನಮ್ಮ ಕಾಯುತ್ತ ನಿಂತಿದ್ದಳು, ಶೇಷಮ್ಮ, “ಎಂತ ಆತು?” ಎಂದು ಕೇಳಿದಳು. ಉತ್ತರ ಹೇಳಬೇಕೆಂದು ಬಾಯಿ ತೆರೆದಾಗ ಅವನ ಕಣ್ಣ ಮುಂದೆ ಬಂದದ್ದು ಉಗಾಂಡಾದಲ್ಲಿ ತಮ್ಮ ಕೂತಿದ್ದ ಕಾರು. ಅದರ ಸೀಟಿನ ಮೇಲೆ ಯಾವ ಪತ್ರಿಕೆಯ ಹಾಳೆಯೂ ಹಾಸಿರಲಿಲ್ಲ. “ಎಡಕ್ಕೆ ಆಯ್ತು” ಎಂದ. ಎಂದಮೇಲೆ ಅದನ್ನೇ ಬರೆಯಬೇಕಾಯಿತು. ಅಷ್ಟೇ ನಡೆದದ್ದು. ತಮ್ಮನಿಗೆ ಕೆಡುಕಾಗಲಿ ಎಂದು ಬಯಸಿದವನಲ್ಲ. ಅಲ್ಲಿಯ ರಸ್ತೆಗಳು ಒಳ್ಳೆಯವಲ್ಲ, ಅಪಘಾತವಾದರೆ ನೋಡುವವರು ಯಾರು, ಹೆಂಡತಿಯನ್ನೂ ಕರೆಸಿಕೊಂಡರೆ ಅವನು ಇತ್ತ ತಲೆ ಹಾಕಿಯಾನೇ, ಹೀಗೆ ಆಮೇಲಿನ ತಿಂಗಳುಗಳಲ್ಲಿ ಒಂದೊಂದೇ ಕಾರಣ ಹುಡುಕಿ ಆ ಸುಳ್ಳಿನ ಬೆನ್ನಿಗೆ ಕೋಲು ಕೊಟ್ಟು ನಿಲ್ಲಿಸಿದ್ದ. ಕಾರಣಗಳೆಲ್ಲ ಒಳ್ಳೆಯವೇ. ಅವು ಬಂದದ್ದು ಆಮೇಲೆ ಎಂಬುದೊಂದೇ ಅವಕ್ಕಿದ್ದ ಕೊರತೆ.

ಕನ್ನಮ್ಮ ಅವತ್ತು ಅಳಲಿಲ್ಲ. “ಅಮ್ಮ ಬ್ಯಾಡ ಅಂದ್ರೆ ಬ್ಯಾಡ ಅಲ್ಲನಕ್ಕಾ” ಎಂದು ಕೊಡ ತೆಗೆದುಕೊಂಡು ನೀರಿಗೆ ಹೋದಳು. ಅವಳು ಅತ್ತಿದ್ದರೆ ಗುತ್ಯಪ್ಪ ಅವತ್ತೇ ಹೇಳಿಬಿಡುತ್ತಿದ್ದನೋ ಏನೋ. ಆಮೇಲೆ ತಮ್ಮನ ಉತ್ತರ ಬಂತು. ಬಂದ ಕಾಗದಗಳನ್ನೆಲ್ಲ ಓದಿ ಹೇಳಬೇಕಾದವನು ಗುತ್ಯಪ್ಪನೇ, ಮನೆಯಲ್ಲಿ ಓದು ಬಲ್ಲವನು ಅವನೊಬ್ಬನೇ. ಅಮ್ಮನ ಮಾತು ಮೀರುವುದಿಲ್ಲ ಅಣ್ಣ, ಸಾಹೇಬರಿಗೆ ಬೇಡವೆಂದು ಹೇಳಿದ್ದೇನೆ, ಕಂಪನಿಯ ಲಾರಿಯ ಹಿಂದೆ ನಿಂತು ಓಡಾಡುತ್ತೇನೆ, ಧೂಳಿಗೆ ಸ್ವಲ್ಪ ಕೆಮ್ಮು ಅಷ್ಟೆ, ಎಂದು ಬರೆದಿದ್ದ. ಓದುತ್ತ ಓದುತ್ತ ಗುತ್ಯಪ್ಪ ಅಭ್ಯಾಸಬಲದಿಂದ ಅವನ ಒತ್ತಕ್ಷರಗಳ ತಪ್ಪನ್ನೂ ಗಮನಿಸುತ್ತಿದ್ದ. ಅದು ಗೊತ್ತಾಗಿ ತನ್ನ ಮೇಲೆ ತನಗೇ ಅಸಹ್ಯವಾಯಿತು. ‘ಕನ್ನಮ್ಮ ಚೆನ್ನಾಗಿದ್ದಾಳೆಯೇ’ ಎಂಬ ಸಾಲನ್ನು ಓದುವಾಗ ಬಾಗಿಲ ಕಡೆ ನೋಡಲಿಲ್ಲ.

ಹತ್ತು ದಿನದ ಹಿಂದೆ ಬಂದ ಕಾಗದ ಈಗ ಜೇಬಿನಲ್ಲಿರುವುದು. ಸಾಹೇಬರು ಮಾರ್ಚ್ ಕೊನೆಗೆ ಹೊರಡುತ್ತಾರಂತೆ, ಕಾರನ್ನು ಇನ್ನೂ ಯಾರಿಗೂ ಕೊಟ್ಟಿಲ್ಲವಂತೆ. ‘ಅಣ್ಣ, ಊರು ಮುಳುಗಿದ ಮೇಲೆ ಅಮ್ಮನನ್ನು ಎತ್ತಿ ತಂದು ಹೊಸ ಜಾಗದಲ್ಲಿ ಕೂರಿಸಿದರಲ್ಲ, ಆಗ ಅವಳ ಮನಸ್ಸು ಸರಿಯಿತ್ತೋ ಇಲ್ಲವೋ. ಇನ್ನೊಂದು ಸಲ ಕೇಳು. ಈ ಸಲವೂ ಇಲ್ಲವೆಂದರೆ ಇನ್ನು ಕೇಳುವುದಿಲ್ಲ. ಒಪ್ಪಂದ ಮುಗಿಯುವುದಕ್ಕೆ ಮೂರೂವರೆ ವರ್ಷ ಇದೆ, ಅಲ್ಲಿಯವರೆಗೆ ಕಾಯಬೇಕು ಎಂದು ಅವಳಿಗೆ ಹೇಳು.’ ಗುತ್ಯಪ್ಪನಿಗೆ ಈ ಕಾಗದ ಓದಿ ಜೀವ ಬಂದ ಹಾಗಾಗಿತ್ತು. ದಾರಿ ಸಿಕ್ಕಿತು. ಮತ್ತೆ ಹೋಗುತ್ತೇನೆ, ಬಲಕ್ಕೆ ಬೀಳುತ್ತದೆ, ಬೀಳದೆ ಏನು, ಮೊದಲೇ ಕೊಟ್ಟದ್ದು. ಬಲಕ್ಕೆ ಎಂದು ಬರೆಯುತ್ತೇನೆ, ಹಳೆಯದನ್ನು ಯಾರೂ ಕೆದಕುವುದಿಲ್ಲ. ಕನ್ನಮ್ಮ ಬರುತ್ತೇನೆ ಎನ್ನುವವರೆಗೂ ಈ ಲೆಕ್ಕ ಸರಿಯಾಗಿಯೇ ಇತ್ತು. ಈಗ ಅವನಿಗಿದ್ದ ಹೆದರಿಕೆ ಜಟ್ಟಿಂಗಪ್ಪನ ನೆನಪಿನ ಶಕ್ತಿಯದು. ಮುದುಕ ಬಾಯಿ ಬಿಟ್ಟು, ‘ಹೋದ ಸಲ ಬಲಕ್ಕೇ ಕೊಟ್ಟಿದ್ಲಲ್ಲೋ ಮೇಷ್ಟ್ರೇ’ ಎಂದರೆ ಮುಗಿಯಿತು.

ಹೊಸನಗರದಲ್ಲಿ ಇಳಿದು ಹುಲಿಕಲ್ ಕಡೆಯ ರಸ್ತೆ ಹಿಡಿದರು. ಅವನು ಮುಂದೆ, ಅವಳು ಹತ್ತು ಹೆಜ್ಜೆ ಹಿಂದೆ. ಮುಳುಗಡೆಯವರಿಗೆ ಸರ್ಕಾರ ಕೊಟ್ಟ ಜಾಗ ಕಾಡು ಕಡಿದು ಬಯಲು ಮಾಡಿದ್ದು. ಮರದ ಬೊಡ್ಡೆಗಳು ಇನ್ನೂ ನೆಲದಲ್ಲೇ ಇದ್ದವು, ಮನೆಗಳು ಬೊಡ್ಡೆಗಳ ನಡುವೆ ಎಲ್ಲೆಂದರಲ್ಲಿ ನಿಂತಿದ್ದವು. ಅಮ್ಮನ ಕಲ್ಲನ್ನು ಪ್ರಾಜೆಕ್ಟಿನ ಲಾರಿಯಲ್ಲಿ ತಂದಿದ್ದರು. ಲಾರಿಯಲ್ಲಿ ಜಟ್ಟಿಂಗಪ್ಪ ಕಲ್ಲನ್ನು ತಬ್ಬಿಕೊಂಡು ಕೂತಿದ್ದನಂತೆ, ಹಳ್ಳ ಬಂದಾಗಲೆಲ್ಲ ‘ಅಮ್ಮಾ, ಹಿಡ್ಕಾ’ ಎನ್ನುತ್ತಿದ್ದನಂತೆ. ಈಗ ಮೇಲೆ ತಗಡಿನ ಮಾಡು, ನಾಲ್ಕು ಕಂಬ, ಗೋಡೆ ಇಲ್ಲ. ಬಿಸಿಲಿಗೆ ತಗಡು ಚಿಟಪಟ ಎನ್ನುತ್ತಿತ್ತು.

ಮುದುಕನಿಗೆ ಕಣ್ಣು ಇನ್ನಷ್ಟು ಮಂಜಾಗಿತ್ತು. “ಯಾರು?” ಎಂದ. ಗುತ್ಯಪ್ಪ ಹೆಸರು ಹೇಳಿದ. “ಓ, ಮೇಷ್ಟ್ರಾ. ಬಂದ್ರಾ. ಯಾವ ಇಸ್ಯಕ್ಕೆ?” ಗುತ್ಯಪ್ಪನಿಗೆ ಮೊದಲ ಸಲ ಉಸಿರು ಸಲೀಸಾಗಿ ಬಂತು. ಇವನಿಗೆ ನೆನಪಿಲ್ಲ. ಭಾನುವಾರ ಭಾನುವಾರ ಜನ ಬರುತ್ತಾರೆ, ಪರಿಹಾರ ಬರುತ್ತದೋ ಇಲ್ಲವೋ, ಮಗಳಿಗೆ ಗಂಡು ಸಿಗುತ್ತದೋ ಇಲ್ಲವೋ, ಕಳೆದ ಎಮ್ಮೆ ಯಾವ ದಿಕ್ಕಿಗೆ ಹೋಗಿದೆ. ಇವನ ತಲೆಯಲ್ಲಿ ಯಾವುದೆಂದು ಉಳಿದೀತು. ತಮ್ಮನ ಕಾರಿನ ವಿಷಯ ಎಂದ. “ಆತು, ಬಾಯಲ್ಲಿ ಹೇಳೋದು ಬ್ಯಾಡ. ಮನಸ್ಸಲ್ಲಿ ಕೇಳ್ಕಾ” ಎಂದು ಜಟ್ಟಿಂಗಪ್ಪ ಕನ್ನಮ್ಮನ ಕೈಯಿಂದ ಸಿಂಗಾರ ತೆಗೆದುಕೊಂಡು, ಒಂದು ಎಸಳನ್ನು ಬೆರಳಿನಲ್ಲಿ ಸವರಿ ನೋಡಿ ಬಲಕ್ಕೆ, ಇನ್ನೊಂದನ್ನು ಎಡಕ್ಕೆ ಅಂಟಿಸಿದ. ಗುತ್ಯಪ್ಪ ಕೈಮುಗಿದ. ತಮ್ಮ ಕಾರು ಕೊಳ್ಳಬಹುದೇ ತಾಯಿ ಎಂದು ಕೇಳಬೇಕಾಗಿತ್ತು. ಪಕ್ಕದಲ್ಲಿ ಅವಳ ಬಳೆ ಸದ್ದಾಯಿತು, ಅವಳೂ ಕೈಮುಗಿದಿರಬೇಕು. ಅವನ ಮನಸ್ಸಿನಲ್ಲಿ ಎದ್ದ ಮಾತು ಬೇರೆ: ಯಾರಿಗೂ ಗೊತ್ತಾಗದ ಹಾಗೆ ಇದನ್ನು ದಾಟಿಸಿಬಿಡು. ಇದೊಂದು ಸಲ. ನಾನು ಮಾಡಿದ್ದು ಮುಚ್ಚಿಹೋಗಲಿ.

ತಗಡು ಚಿಟಪಟ ಎನ್ನುತ್ತಲೇ ಇತ್ತು. ಎರಡೂ ಎಸಳುಗಳು ಎಷ್ಟೋ ಹೊತ್ತು ಅಲುಗಲಿಲ್ಲ. ಕಾಲು ಬದಲಿಸಬೇಕೆನ್ನಿಸುತ್ತಿದ್ದರೂ ಬದಲಿಸದೆ ನಿಂತ. ಎಡದ ಎಸಳು ಸ್ವಲ್ಪ ಜಾರಿ ನಿಂತಿತು, ಮತ್ತೆ ಜಾರಿತು, ಬಿದ್ದಿತು.

“ಇಲ್ಲ ಅಂದ್ಲು” ಎಂದ ಜಟ್ಟಿಂಗಪ್ಪ, ಬೇಸರವೂ ಇಲ್ಲದೆ ಸಂತೋಷವೂ ಇಲ್ಲದೆ. ಕನ್ನಮ್ಮ ಬಿದ್ದ ಎಸಳನ್ನೇ ನೋಡುತ್ತಿದ್ದಳು. ಆಮೇಲೆ ಮುದುಕನನ್ನು ಕೇಳಿದಳು, “ಅಜ್ಜ, ಹೋದ ಸಲನೂ ಹಿಂಗೇ ಆಗಿತ್ತಾ?”

ಗುತ್ಯಪ್ಪ ಮುದುಕನ ತುಟಿಗಳನ್ನೇ ನೋಡಿದ. ಜಟ್ಟಿಂಗಪ್ಪ ಕರ್ಪೂರದ ತಟ್ಟೆಯನ್ನು ಬಟ್ಟೆಯಿಂದ ಒರೆಸುತ್ತ, “ನಂಗೆಲ್ಲಿ ನೆನಪಿರ್ತದೆ ಮಗಾ. ಕೇಳ್ದವ್ರಿಗೆ ನೆನಪಿರ್ತದೆ” ಎಂದ. ಎಂದು, ತೆಂಗಿನಕಾಯಿ ಒಡೆಯಲು ಕತ್ತಿ ಹುಡುಕತೊಡಗಿದ.

ವಾಪಸು ನಡೆಯುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹಿಂದೆ ಅವಳ ಹೆಜ್ಜೆಯ ಸದ್ದು ಒಂದೇ ಸಮನೆ ಬರುತ್ತಿತ್ತು. ಗುತ್ಯಪ್ಪ ನಿಧಾನವಾಗಿ ಅರ್ಥ ಮಾಡಿಕೊಂಡ, ತಾನು ಪಾರಾಗಿದ್ದೇನೆ. ಪೂಜಾರಿಗೆ ನೆನಪಿಲ್ಲ. ಎಡಕ್ಕೆ ಬಿದ್ದದ್ದನ್ನು ಅವಳೇ ಕಣ್ಣಾರೆ ನೋಡಿದ್ದಾಳೆ. ಇವತ್ತು ನಿಜವನ್ನೇ ಬರೆದರೂ ಸಾಕು, ಹಳೆಯ ಸುಳ್ಳಿನ ಮೇಲೆ ಒಂದು ಹಿಡಿ ಮಣ್ಣು ಬಿದ್ದ ಹಾಗೆ. ನಾಗರಾಜ ಇನ್ನು ಕೇಳುವುದಿಲ್ಲ. ಸಾಹೇಬರ ಕಾರು ಯಾರಿಗೋ ಹೋಗುತ್ತದೆ. ಇವಳು ಮೂರೂವರೆ ವರ್ಷ ತನ್ನ ಮನೆಯ ಅಡಿಗೆಮನೆಯ ಬಾಗಿಲಿನಲ್ಲಿ ನಿಂತು ತಾನು ಓದಿ ಹೇಳುವ ಕಾಗದ ಕೇಳುತ್ತಾಳೆ. ಪ್ರತಿ ಕಾಗದ. ‘ಕನ್ನಮ್ಮ ಚೆನ್ನಾಗಿದ್ದಾಳೆಯೇ’ ಎಂಬ ಸಾಲು ಪ್ರತಿ ಕಾಗದದಲ್ಲೂ ಇರುತ್ತದೆ. ಸಿಕ್ಕಿಬೀಳುತ್ತೇನೆಂಬ ಭಯ ಇದ್ದಾಗ ಆ ಭಯವೇ ಒಂದು ಆಸರೆಯಾಗಿತ್ತು, ಶಿಕ್ಷೆ ಯಾವತ್ತೋ ತಾನಾಗಿ ಬರುತ್ತದೆ ಎಂಬ ನಂಬಿಕೆಯಾಗಿತ್ತು. ಈಗ ಅದು ಬರುವುದಿಲ್ಲ. ಅವನಿಗೆ ಎಷ್ಟು ಸುಸ್ತಾಯಿತೆಂದರೆ ರಸ್ತೆ ಬದಿಯ ಮೋರಿಯ ಮೇಲೆ ಕೂತುಬಿಡೋಣ ಎನ್ನಿಸಿತು. ಕೂರಲಿಲ್ಲ. ನಡೆಯುತ್ತಲೇ, ತಿರುಗಿ ನೋಡದೆ, ತರಗತಿಯಲ್ಲಿ ಪಾಠ ಓದುವ ಸ್ವರದಲ್ಲಿ ಹೇಳಿದ:

“ಹೋದ ಸಲ ಬಲಕ್ಕೆ ಬಿದ್ದಿತ್ತು ಕನ್ನಮ್ಮ. ಎಡಕ್ಕೆ ಅಂತ ನಾನೇ ಸುಳ್ಳು ಬರೆದೆ.”

ಹಿಂದಿನ ಹೆಜ್ಜೆ ನಿಂತಿತು. ಅವನೂ ನಿಂತ. ತಿರುಗಲು ಧೈರ್ಯ ಬರಲಿಲ್ಲ. ದೂರದಲ್ಲಿ ಯಾರೋ ಬೊಡ್ಡೆ ಸೀಳುತ್ತಿದ್ದರು, ಕೊಡಲಿ ಏಟು ಕಣ್ಣಿಗೆ ಕಂಡ ಮೇಲೆ ಸದ್ದು ಬರುತ್ತಿತ್ತು. ಅವಳು ಯಾಕೆ ಎಂದು ಕೇಳುತ್ತಾಳೆ ಎಂದುಕೊಂಡಿದ್ದ. ಅದಕ್ಕೆ ಉತ್ತರ ಜೋಡಿಸುತ್ತಿದ್ದ. ಕಾಗದ ಹಾಸಿದ ಸೀಟಿನ ಕಥೆಯನ್ನು ಒಬ್ಬರಿಗಾದರೂ ಹೇಳಬೇಕೆಂಬ ಆಸೆ ಅವನಿಗೆ ಆ ಹೊತ್ತಿನಲ್ಲೂ ಇತ್ತು. ಅವಳು ಅದನ್ನು ಕೇಳಲೇ ಇಲ್ಲ. ಹತ್ತು ಹೆಜ್ಜೆ ನಡೆದು ಮುಂದೆ ಬಂದು, ಅವನ ಎದುರಿಗೇ ನಿಂತಳು. ಮುಖಕ್ಕೆ ಮುಖ ಕೊಟ್ಟು ಅವಳು ನಿಂತದ್ದು ಅದೇ ಮೊದಲು. ಕಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇದೆ ಎಂಬುದೂ ಅವನಿಗೆ ಆಗ ಗೊತ್ತಾಯಿತು.

“ಇವತ್ತು ಎಂತ ಕೇಳ್ಕಂಡ್ರಿ ಬಾವ, ಮನಸ್ಸಲ್ಲಿ?”

ಸುಳ್ಳು ಹೇಳಲು ಬೇಕಾದ ಶಕ್ತಿಯೂ ಉಳಿದಿರಲಿಲ್ಲ. “ಯಾರಿಗೂ ಗೊತ್ತಾಗೋದು ಬೇಡ ಅಂತ.”

“ಕಾರಿನ ಸುದ್ದಿ ಕೇಳ್ಲಿಲ್ವಾ?”

“ಇಲ್ಲ.”

“ಹಂಗಾದ್ರೆ ಅಮ್ಮ ಇಲ್ಲ ಅಂದಿದ್ದು ನೀವು ಕೇಳ್ಕಂಡಿದ್ದಕ್ಕೆ. ನಮಗೆ ಕೊಡೋದು ಹೋದ ಸಲನೇ ಕೊಟ್ಟಾಗಿದೆ” ಎಂದಳು. ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊಸನಗರದ ಕಡೆ ನಡೆದಳು. ಈಗ ಅವಳು ಮುಂದೆ, ಅವನು ಹಿಂದೆ.

ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಅವಳೇ ಮೊದಲು ಒಳಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತಳು. “ಆ ನೀಲಿ ಕಾಗ್ದ ತಂದಿದೀರಲ್ಲ, ಬರೀರಿ” ಎಂದಳು. ಗುತ್ಯಪ್ಪ ಮೇಜನ್ನು ಅಂಗೈಯಿಂದ ಒರೆಸಿ ಏರೋಗ್ರಾಮು ಬಿಡಿಸಿದ. ಅವಳು ಹೇಳಿದಳು, ಅವನು ಬರೆದ. ಮೊದಲ ಸಲ ಕೇಳಿದಾಗ ಅಮ್ಮ ಬಲಕ್ಕೆ ಕೊಟ್ಟದ್ದು. ತಾನು ಎಡಕ್ಕೆ ಎಂದು ಬರೆದದ್ದು. ಕಾರು ತೆಗೆದುಕೊಳ್ಳಬೇಕು ಎಂಬುದು. ಕನ್ನಮ್ಮನನ್ನು ಕರೆಸಿಕೊಳ್ಳಬೇಕು ಎಂಬುದು. ಎಡಕ್ಕೆ ಎಂಬ ಸಾಲನ್ನು ಬರೆಯುವಾಗ ಅವನ ಪೆನ್ನು ತಡೆದು ನಿಂತಿತು. ನಾಗರಾಜ ಗುಡಾರದಲ್ಲಿ ಕೂತು ಇದನ್ನು ಓದುತ್ತಾನೆ, ಕೆಮ್ಮುತ್ತ ಓದುತ್ತಾನೆ, ಓದಿ ಸುಮ್ಮನೆ ಕೂರುತ್ತಾನೆ. ಆ ಸುಮ್ಮನಿರುವುದನ್ನು ನೆನೆದು ಗುತ್ಯಪ್ಪನಿಗೆ ತಡೆಯಲಾಗಲಿಲ್ಲ. ‘ಅವಸರದಲ್ಲಿ ತಪ್ಪಿ’ ಎಂಬ ಎರಡು ಮಾತು ಹೇಗೋ ಬಂದು ಆ ಸಾಲಿನೊಳಗೆ ಕೂತವು. ಚಿಕ್ಕ ಮಾತುಗಳು. ಯಾರಿಗೂ ನಷ್ಟವಿಲ್ಲ, ಕಾರು ಹೇಗಿದ್ದರೂ ಬರುತ್ತದೆ, ಇವಳು ಹೇಗಿದ್ದರೂ ಹೋಗುತ್ತಾಳೆ, ಅಣ್ಣನೆಂಬ ಹೆಸರು ಅಷ್ಟು ಉಳಿಯಲಿ ಎಂದುಕೊಂಡ.

“ಓದಿ” ಎಂದಳು. ಓದಿದ. ಆ ಎರಡು ಮಾತು ಬಿಟ್ಟು ಓದಿದ. ಸ್ವರ ಎಲ್ಲೂ ಎಡವಲಿಲ್ಲ.

ಅವಳು ಕೈ ಚಾಚಿದಳು. ಅಂಟಿಸಲು ಕೇಳುತ್ತಿದ್ದಾಳೆಂದು ಅವನು ಕೊಟ್ಟ. ಅವಳು ಅದನ್ನು ತೆಗೆದುಕೊಂಡು ಎದ್ದು, ನೇರ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಹೋಟೆಲಿನ ಸುಬ್ಬಣ್ಣನ ಹತ್ತಿರ ಹೋದಳು. “ಒಂಚೂರು ಓದಿ ಹೇಳ್ತೀರಾ ಅಯ್ಯಾ?”

ಸುಬ್ಬಣ್ಣ ಕಾಗದ ನೋಡಿದ, ಬೆಂಚಿನ ಮೇಲಿದ್ದ ಗುತ್ಯಪ್ಪನನ್ನು ನೋಡಿದ. “ಮೇಷ್ಟ್ರು ಅಲ್ಲೇ ಇದಾರಲ್ಲಮ್ಮ” ಎಂದ, ಅರ್ಥವಾಗದೆ.

“ಇದಾರೆ. ನೀವು ಓದಿ.”

ಅವನು ಕನ್ನಡಕ ಏರಿಸಿ ಓದತೊಡಗಿದ. ಹೋಟೆಲಿನವರ ಸ್ವರ, ಮೂರು ಮೇಜು ದಾಟಿ ಒಳಗ್ಯಾರಿಗೋ ತಿಂಡಿ ಕೂಗಿ ಹೇಳಿ ರೂಢಿಯಾದ ಸ್ವರ. “ಚಿರಂಜೀವಿ ನಾಗರಾಜನಿಗೆ ಅಣ್ಣನ ಆಶೀರ್ವಾದ. ನವರಾತ್ರಿ ಕಳೆದ ಮೇಲೆ ನಾನು ಕೇಳಿದಾಗ ಅಮ್ಮ ಬಲಕ್ಕೆ ಕೊಟ್ಟಿದ್ದಳು. ಅವಸರದಲ್ಲಿ ತಪ್ಪಿ ನಾನು ಎಡಕ್ಕೆ ಎಂದು ಬರೆದೆ.”

“ನಿಲ್ಲಿ” ಎಂದಳು ಕನ್ನಮ್ಮ. ತಿರುಗಿದಳು. “ಅದನ್ನ ನಂಗೆ ಓದ್ಲಿಲ್ಲ ನೀವು.”

ಪಕ್ಕದ ಮೇಜಿನಲ್ಲಿ ಅವಲಕ್ಕಿ ತಿನ್ನುತ್ತಿದ್ದ ಇಬ್ಬರು ತಲೆ ಎತ್ತಿದರು. ಗುತ್ಯಪ್ಪ ಎದ್ದು ನಿಂತ. ಕಾಲು ತಾನಾಗಿ ಎದ್ದಿತ್ತು.

“ಹೊಡೆದು ಹಾಕಿ ಅದನ್ನ” ಎಂದಳು.

ಅವನು ಗಲ್ಲಾಪೆಟ್ಟಿಗೆಯವರೆಗೆ ನಡೆದು ಹೋದ. ಸುಬ್ಬಣ್ಣ ಕಾಗದವನ್ನು ಅವನ ಕಡೆ ತಿರುಗಿಸಿ ಇಟ್ಟ. ಅಂಚು ಹಾರದ ಹಾಗೆ ಕನ್ನಮ್ಮ ಅದರ ಮೇಲೆ ಅಂಗೈ ಊರಿದಳು. ಅವನು ಎರಡು ಮಾತಿನ ಮೇಲೆ ಒಂದೇ ಗೆರೆ ಎಳೆದ.

“ಇನ್ನೊಂದ್ಸಲ ಓದಿ ಅಯ್ಯಾ, ಮೊದಲಿಂದ” ಎಂದಳು ಕನ್ನಮ್ಮ.

ಸುಬ್ಬಣ್ಣ ಮೊದಲಿನಿಂದ ಓದಿದ. ಅಣ್ಣನ ಆಶೀರ್ವಾದ ಎಂದ. ಅಮ್ಮ ಬಲಕ್ಕೆ ಕೊಟ್ಟಿದ್ದಳು ಎಂದ. ಅವಲಕ್ಕಿ ತಿನ್ನುವವರ ಕೈ ತಟ್ಟೆಯಲ್ಲೇ ನಿಂತಿತ್ತು. “ನಾನು ಎಡಕ್ಕೆ ಎಂದು ಬರೆದೆ” ಎಂದು ಓದಿ ಅವನು ಮುಂದಿನ ಸಾಲಿಗೆ ಹೋದ.